ಸವತಿ ನೋಡಾಕ ಹೋದ ಸಂತಿ

ನಗು ಬರೋವಂಥಾ ಪ್ರಸಂಗ ನನ್ನ ಜನ್ಮದಾಗ ಬಾಳ ನಡದಾವು, ಆದ್ರ ನನಗ ನಗು ಬರೋ ಹೊತ್ತಿನ್ಯಾಗ ಒಂದೂ ನಡದಿಲ್ಲ. ಆವಾಗ ಮಂದಿ ನಗತಿದ್ರು, ನಾ ಅಳತಿದ್ದೆ. ಈಗ ನನಗ ನಗು ಬರತೈತಿ, ಕೂಡಿ ನಗೋರು ಯಾರೂ ಉಳದಿಲ್ಲ. ಎಪ್ಪತ್ಮೂರೋ ಎಪ್ಪತ್ನಾಕೋ ಇಸವಿ ಮಾತು, ಗೊಳಸಂಗಿಯಿಂದ ಬಾಗೇವಾಡಿ ಸಂತಿಗೆ ಹೋಗಿ ಬಂದ ಒಂದ ದಿನದಾಗ ಅಂಥಾವು ಐದು ನಡದ್ವು.

ಆಗ ನನ್ನ ಲಗ್ನಾಗಿ ಆರು ವರ್ಷ ಆಗಿತ್ತು. ಮಕ್ಕಳಿರಲಿಲ್ಲ. ಆಮ್ಯಾಲೂ ಆಗಲಿಲ್ಲ, ಅದನ್ನ ಮೊದಲ ಹೇಳಿಬಿಡ್ತೇನಿ. ಇಲ್ಲಂದ್ರ ಕಡೀಕ ಒಂದು ಕೂಸು ಬರತೈತಿ ಅಂತ ನೀವು ಕಾದು ಕುಂಡಿರ್ತೀರಿ. ನಮ್ಮತ್ತಿ ಬ್ಯಾರೆ ಯಾರೂ ಅಲ್ಲ, ನಮ್ಮಪ್ಪನ ಒಡಹುಟ್ಟಿದ ಅಕ್ಕ. ತಮ್ಮನ ಮಗಳು ಅಂತ ಹಟ ಹಿಡಿದು ನನ್ನ ಸೊಸಿ ಮಾಡಿಕೊಂಡಾಕಿ. ಅದ ಹಟದಿಂದ ಈಗ ಮಗನಿಗೆ ಎರಡನೇ ಲಗ್ನ ಮಾಡ್ತೇನಿ ಅಂತ ಕುಂತಿದ್ಲು. ಕಾಯ್ದೆ ಒಪ್ಪೂದಿಲ್ಲ ಅಂತ ಊರ ಮಾಸ್ತರು ಹೇಳಿದ್ರ, "ಕಾಯ್ದೆ ಬಾಣಂತನ ಮಾಡಾಕ ಬರತೈತೇನು?" ಅಂತ ಕೇಳಿದ್ಲು.

ಎರಡನೇಕಿ ಬಂದ್ರ ನನ್ನ ಪಾಡು ಏನಾಗತೈತಿ ಅನ್ನೂದು ನನಗ ಗೊತ್ತಿತ್ತು. ಕೊಟ್ಟಿಗಿ ಬಾಜೂ ಕೋಲಿ, ಉಳದ ರೊಟ್ಟಿ, ಮಂದಿ ಮುಂದ "ಮೊದಲನೇಕಿ" ಅನ್ನೋ ಹೆಸರು. ತವರಿಗೆ ಹೋಗಬೇಕಂದ್ರ ಅಪ್ಪ ತೀರಿಕೊಂಡಿದ್ದ. ನಮ್ಮತ್ತಿ ಕಣ್ಣಾಗ ಪೊರಿ ಬಂದು ಆಕಿಗೆ ಮಂದಿ ಬರೇ ನೆರಳಿನಂಗ ಕಾಣ್ತಿದ್ರು. ಹೆಣ್ಣು ನೋಡಾಕ ಹೋಗೋರಿಗೆ ಕಣ್ಣು ಬೇಕಲ್ಲ, ಅದಕ್ಕ ನನ್ನ ಕರಕೊಂಡು ಹೊಂಟ್ಲು. ನನ್ನ ಸವತಿನ್ನ ನಾನ ನೋಡಿ ಹೇಳಬೇಕಾಗಿತ್ತು.

೧. ಬುತ್ತಿ

ನಸುಕಿನ್ಯಾಗ ಎದ್ದು ರೊಟ್ಟಿ ಬಡಿಯಾಕ ಕುಂತೆ. ಅತ್ತಿ ಒಲಿ ಮುಂದ ಬಂದು ಕುಂತು, "ಹತ್ತು ರೊಟ್ಟಿ ಹೆಚ್ಚಿಗಿ ಬಡಿ" ಅಂದ್ಲು.

"ಯಾರಿಗೆ?"

"ಹೆಣ್ಣಿನವ್ರಿಗೆ. ನಾವಷ್ಟ ತಿಂದ್ರ ಏನಂದಾರು?"

ಸವತಿ ಬಾಯಾಗ ಹೋಗೋ ರೊಟ್ಟಿ ಅಂತ ಗೊತ್ತಿದ್ದೂ ತೆಳ್ಳಗ ಬಡದೆ. ದಪ್ಪ ಬಡೀಬೇಕಂದ್ರ ಕೈ ಬರಲಿಲ್ಲ. ಶೇಂಗಾ ಹಿಂಡಿಗೆ ಮಾತ್ರ ಬೇಕಂತ ಎರಡು ಮುಷ್ಟಿ ಖಾರ ಜಾಸ್ತಿ ಹಾಕಿ ಕುಟ್ಟಿದೆ. ಅವರ ಬಾಯಿ ಉರೀಲಿ ಅಂತ ಇತ್ತು ನನಗ. ನನ್ನ ಕೈಲಾದದ್ದು ಅಷ್ಟ.

ಅತ್ತಿ ಒಂದು ಚಿಟಿಕಿ ನಾಲಿಗಿ ಮ್ಯಾಲ ಇಟಗೊಂಡು ಕಣ್ಣು ಒರಸಿಕೊಂಡ್ಲು. "ಇರ್ಲಿ. ಹೆಣ್ಣು ಖಾರ ತಿಂತಾಳೋ ಇಲ್ಲೋ ಅದೂ ತಿಳದಂಗಾತು" ಅಂದ್ಲು. ನಾ ಮಾಡಿದ ದ್ರೋಹ ಆಕಿಗೆ ಪರೀಕ್ಷಾ ಆತು.

ನಮ್ಮವ್ರು ಅಂಗಳದಾಗ ಎತ್ತಿಗೆ ಮೇವು ಹಾಕಾಕತ್ತಿದ್ರು. ಈ ವಿಚಾರದಾಗ ಅವರ ಬಾಯಿಂದ ಒಂದು ಮಾತು ಬರಲಿ ಅಂತ ನಾ ಆರು ತಿಂಗಳಿಂದ ಕಾದಿದ್ದೆ. ಬ್ಯಾಡ ಅನ್ಲಿ, ಇಲ್ಲಾ ಬೇಕ ಅನ್ಲಿ, ಏನರ ಒಂದು ಅನ್ಲಿ. ನಾವು ಹೊಸ್ತಿಲಾ ದಾಟೋವಾಗ ಅವ್ರು ಬುತ್ತಿ ಗಂಟು ನೋಡಿದ್ರು, ನನ್ನ ಮುಖ ನೋಡಿದ್ರು, ಗಂಟಲಾ ಸರಿ ಮಾಡಿಕೊಂಡ್ರು.

"ಹೆಂಗೂ ಸಂತಿಗೆ ಹೊಂಟೀರಿ" ಅಂದ್ರು, "ನನಗೊಂದು ಬಾರಕೋಲು ತರ್ರಿ."

ಒಬ್ಬಾಕಿ ಹೆಂಡ್ತಿ, ಒಂದು ಬಾರಕೋಲು. ನಮ್ಮ ಮನಿ ಸಂತಿ ಅವತ್ತು ಅಷ್ಟ ಇತ್ತು.

೨. ಗುಟ್ಟು

"ಯಾರ ಮುಂದೂ ಬಾಯಿ ಬಿಡಬ್ಯಾಡ" ಅಂತ ಅತ್ತಿ ದಾರ್ಯಾಗ ತಾಕೀತು ಮಾಡಿದ್ಲು. "ಕೇಳಿದ್ರ ಕಣ್ಣಿನ ಔಷಧಕ್ಕ ಹೊಂಟೇವಂತ ಹೇಳು."

ಬಸ್ಸು ಬಂತು. ಬಸ್ಸಿನ ಬೆನ್ನಿಗೆ ಆ ಕಾಲದಾಗ ಎಲ್ಲಾ ಕಡೆ ಇರತಿತ್ತಲ್ಲ, ಕೆಂಪು ತ್ರಿಕೋನ, ಅದನ್ನ ಬರದು ಎರಡು ಮಕ್ಕಳಾದ್ರ ಸಾಕು ಅಂತ ಬುದ್ಧಿ ಹೇಳಿದ್ರು. ನನಗ ಒಂದಾದ್ರೂ ಸಾಕಾಗಿತ್ತು. ಅದನ್ನ ನೋಡಿಕೋತ ಹತ್ತಿದೆ.

ಒಳಗ ಹೋಗಿ ಕುಂತು ಉಸುರು ಬಿಟ್ಟಿರಲಿಲ್ಲ, ಮುಂದಿನ ಸೀಟಿನ ಮುದುಕ ಹೊಳ್ಳಿ ನೋಡಿ, "ಬಣ್ಣಕ್ಕ ಮರುಳಾಗಬ್ಯಾಡ್ರಿ. ಅಂಗಾಲು ನೋಡ್ರಿ, ಅಂಗಾಲು. ಕೆಲಸ ಮಾಡಿದ ಹೆಣ್ಣಿನ ಅಂಗಾಲು ಸುಳ್ಳು ಹೇಳೂದಿಲ್ಲ" ಅಂದ. ಬಾಜೂಕಿನಾಕಿ ಒಬ್ಬಾಕಿ, "ತಾಯಿ ಎಷ್ಟು ಹಡದಾಳ ಅದನ್ನ ಮೊದಲ ಕೇಳ್ರಿ" ಅಂದ್ಲು. ಹಿಂದಿಂದ ಇನ್ನೊಬ್ಬಾಕಿ, "ಹೂವಿನ ಹಿಪ್ಪರಗಿ ಕಡೆ ಹೆಣ್ಣು ಅಂದ್ರ ಹಾಲು ಮೊಸರಿನ ಮನಿಯವ್ರು, ಮೈಗಳ್ಳಿ ಇದ್ದಾಳು" ಅಂದ್ಲು. ಊರಿನ ಹೆಸರು ಸೈತ ಬಸ್ಸಿಗೆ ಗೊತ್ತಿತ್ತು.

"ನಾವು ಕಣ್ಣಿನ ಔಷಧಕ್ಕ ಹೊಂಟೇವಿ" ಅಂದ್ಲು ಅತ್ತಿ, ಗಟ್ಟಿಯಾಗಿ.

"ಹೌದ್ರಿ, ಹೌದ್ರಿ" ಅಂದ್ರು ಎಲ್ಲಾರೂ. "ಆದ್ರೂ ಅಂಗಾಲು ನೋಡ್ರಿ" ಅಂದ ಮುದುಕ.

ಆಮ್ಯಾಲ ಯಾರೋ ನನ್ನ ಕೇಳಿದ್ರು, "ಅಲ್ಲ, ನೀ ಯಾಕ ಹೊಂಟೀಯವ್ವ?" "ಅತ್ತಿಗೆ ಕಣ್ಣು ಕಾಣೂದಿಲ್ಲ, ನೋಡಿ ಹೇಳಾಕ" ಅಂದೆ. ಕೋಳಿ ಬುಟ್ಟಿ ಇಟಗೊಂಡು ಕುಂತಾಕಿ ಎದ್ದು ನನಗ ಕಿಡಕಿ ಬಾಜೂ ಜಾಗಾ ಬಿಟ್ಟುಕೊಟ್ಲು. ಬಾಗೇವಾಡಿ ತನಕ ಕಣ್ಣೀರು ಗಾಳಿಗೆ ಆರಿಸಿಕೋತ ಕುಂತಿದ್ದೆ.

ಬಾಗೇವಾಡಿ ಬಂತು. ಕಂಡಕ್ಟರ್ ಸೀಟಿ ಊದಿ ಬಾಗಲಾ ತಗದು ಒದರಿದ: "ಸಂತಿಯವ್ರು ಇಳೀರಿ, ಕೋರ್ಟಿನವ್ರು ಇಳೀರಿ, ಹೆಣ್ಣು ನೋಡೋರು ಸಾವಕಾಶ ಇಳೀರಿ, ಅಜ್ಜಿಗೆ ಕಣ್ಣು ಕಾಣೂದಿಲ್ಲ."

೩. ಹಲ್ಲು

ಹೆಣ್ಣಿನ ಮನಿಗೆ ಹೋಗಿ ನೋಡಿದ್ರ ಊರೆಲ್ಲಾ ಸುದ್ದಿ ಆಗತೈತಿ, ಬ್ಯಾಡಂದ್ರ ಆ ಹುಡುಗಿಗೆ ಕುಂದು. ಅದಕ್ಕ ನಮ್ಮ ಕಡೆ ಬಾಳ ಮಂದಿ ಮೊದಲು ಸಂತ್ಯಾಗ ನೋಡ್ತಿದ್ರು. ಹೆಣ್ಣು ಬಳಿ ಇಟಗೊಳ್ಳಾಕ ಬಂದಂಗ ಬರೋದು, ನಾವು ಬಳಿ ನೋಡಾಕ ಬಂದಂಗ ಹೋಗೋದು. ಒಪ್ಪಿಗಿ ಆದ್ರ ಆತು, ಇಲ್ಲಂದ್ರ ಇಬ್ಬರೂ ಬಳಿ ಮಾತಾಡಿ ಹೊಂಡೋದು. ಈ ಸಂಬಂಧ ಹಚ್ಚಿದಾಕಿ ಊರೂರು ತಿರುಗೋ ಒಬ್ಬಾಕಿ ಬಳಿಗಾರ್ತಿ. ಹೆಣ್ಣು ಹಸಿರು ಸೀರಿ ಉಟಗೊಂಡು ಬರ್ತಾಳಂತ ಹೇಳಿ ಕಳಿಸಿದ್ಲು.

ಬಿಸಲಿಗೆ ಅತ್ತಿ ಬಾಯಿ ಒಣಗಿತ್ತು. ಬಳಿ ಅಂಗಡಿ ಬಾಜೂ ಆಕಿನ್ನ ನಿಲ್ಲಿಸಿ ನಾ ನೀರು ತರಾಕ ಹೋದೆ. ಹೊಳ್ಳಿ ಬರೋದ್ರಾಗ ಅತ್ತಿ ಒಬ್ಬಾಕಿ ಹಸಿರು ಸೀರಿಯಾಕಿ ಗದ್ದ ಹಿಡಕೊಂಡು ನಿಂತಿದ್ಲು.

"ಬಾಯಿ ತಗಿಯವ್ವ, ಹಲ್ಲು ನೋಡ್ತೇನಿ."

ಆಕಿ ಗಾಬರಿಯಾಗಿ ಬಾಯಿ ತಗದಿದ್ಲು. ಕಣ್ಣಿಗೆ ಚಷ್ಮಾ, ಕಂಕುಳಾಗ ಛತ್ರಿ, ಕೈಯಾಗ ಮಕ್ಕಳ ಪಾಟಿ ಪುಸ್ತಕದ ಗಂಟು. ಸಾಲಿ ಕಲಿಸೋ ಅಕ್ಕೋರು ಅಂತ ದೂರಿಂದ ಗೊತ್ತಾಗತಿತ್ತು.

"ಒಂದು ಹಲ್ಲು ಕಟ್ಟಿಸೀದಿಯಲ್ಲ" ಅಂದ್ಲು ಅತ್ತಿ, ಬೆರಳಿಲೆ ಮುಟ್ಟಿ ನೋಡಿ. "ಒಂದು ಹೊತ್ತಿಗೆ ಎಷ್ಟು ರೊಟ್ಟಿ ಬಡೀತಿ?"

"ನಾನು ಬಡಿಯೂದಿಲ್ರಿ, ಹಾಸ್ಟೆಲ್‌ನಾಗ ಉಣ್ತೇನಿ."

"ವಯಸ್ಸೆಷ್ಟು?"

"ನಲವತ್ತೆರಡು."

"ಬಳಿಗಾರ್ತಿ ಹದಿನೆಂಟು ಅಂದಾಳ" ಅಂತ ಅತ್ತಿ ಸಿಟ್ಟಾದ್ಲು.

ನಾ ಓಡಿ ಹೋಗಿ ಕೈ ಬಿಡಿಸಿ, ತಪ್ಪಾತ್ರಿ, ಕಣ್ಣು ಕಾಣೂದಿಲ್ಲ, ಮಗನಿಗೆ ಹೆಣ್ಣು ನೋಡಾಕ ಬಂದಾರ ಅಂತ ಹೇಳಿದೆ. ಅಕ್ಕೋರು ಗದ್ದ ಒರಸಿಕೊಂಡು, "ನೀ ಯಾರವ್ವ?" ಅಂತ ಕೇಳಿದ್ರು.

"ಇವರ ಸೊಸಿರಿ."

"ಹಂಗಾರ ಎರಡನೇ ಮಗಗ ನೋಡಾಕತ್ತೀರಿ."

"ಒಬ್ಬನ ಮಗ ಇರೋದ್ರಿ."

ಅಕ್ಕೋರು ಚಷ್ಮಾ ತಗದು ಸೆರಗಿಲೆ ಒರಸಿ ಮತ್ತ ಹಾಕ್ಕೊಂಡು ನನ್ನ ನೋಡಿದ್ರು. ಅತ್ತಿಗೆ ಒಂದು ನಾಕು ಮಾತು ಬಿರುಸಾಗಿ ಅಂದು, ಛತ್ರಿ ಬಿಚ್ಚಿಕೊಂಡು ಹೋಗಿಬಿಟ್ರು. ಅತ್ತಿ ಹೋಗೋ ಹಸಿರು ಬಣ್ಣದ ಕಡೆ ನೋಡಿ, "ಈ ಸಂಬಂಧ ಬ್ಯಾಡ ಬಿಡು. ಹೆಣ್ಣಿಗೆ ಬಾಯಿ ಬಾಳ. ನಡಿ, ಊರಿಗೆ ಹೋಗೂಣು" ಅಂದ್ಲು.

ನಾ ಸುಮ್ಮನ ಇದ್ದಿದ್ರ ಅಲ್ಲಿಗೇ ಎಲ್ಲಾ ಮುಗೀತಿತ್ತು. ಬಸ್ಸು ಇನ್ನಾ ನಿಂತಿತ್ತು. "ಆಕಿ ಅಲ್ಲತ್ತಿ ಹೆಣ್ಣು, ಹೆಣ್ಣು ಇನ್ನಾ ಬಂದಿಲ್ಲ" ಅಂತ ಹೇಳಿದಾಕಿ ನಾನ. ನನ್ನಂಥಾ ಪ್ರಾಮಾಣಿಕ ದಡ್ಡಿ ಐದು ತಾಲೂಕಿನ್ಯಾಗ ಸಿಗೂದಿಲ್ಲ.

೪. ಗೊರಕಿ

ಖರೆ ಹೆಣ್ಣು ಬಂತು. ಹೆಣ್ಣಿನ ಜೋಡಿ ಅವರಪ್ಪ, ದೊಡ್ಡ ಪಟಗಾ ಸುತ್ತಿದ ಮನಷ್ಯಾ. ಅವನ ಹಿಂದ ಅವನ ತಮ್ಮ, ಮಾತಿಲ್ಲ ಕತಿಯಿಲ್ಲ, ಬಗಲಾಗ ಚೀಲ ಹಿಡಕೊಂಡು ನಿಂತಿದ್ದ. ಬಳಿಗಾರ್ತಿ ನನ್ನ ನೋಡಿದಾಕೀನ ಬೆಳ್ಳಗಾದ್ಲು. ಮೊದಲನೇ ಹೆಂಡ್ತಿ ಜಗಳಾಡಿ ಹೋಗ್ಯಾಳ, ಇನ್ನ ಬರೂದಿಲ್ಲ ಅಂತ ಆಕಿ ಅವರಿಗೆ ಹೇಳಿ ಕೂತಿದ್ಲಂತ. ಅತ್ತಿ ಕಿವ್ಯಾಗ ಗಡಬಡಿಸಿ ಅದನ್ನ ಊದಿದ್ಲು.

"ಈ ತಂಗಿ ಯಾರ್ರಿ?" ಅಂತ ಹೆಣ್ಣಿನಪ್ಪ ಕೇಳಿದ.

"ನನ್ನ ತಮ್ಮನ ಮಗಳು" ಅಂದ್ಲು ಅತ್ತಿ. ಸುಳ್ಳೇನಲ್ಲ.

"ಗಂಡನ ಮನಿ ಯಾವ ಊರು?"

ಅತ್ತಿ, "ಗಂಡ ಬಿಟ್ಟಾನ್ರಿ. ನನ್ನ ಹಂತೇಕ ಇರ್ತಾಳ" ಅಂದ್ಲು.

ಮುಂಜಾನೆ ಬಾರಕೋಲು ಕೇಳಿದ ನಮ್ಮವ್ರು ಮಧ್ಯಾಹ್ನಕ್ಕ ನನ್ನ ಬಿಟ್ಟಿದ್ರು, ಮನಿಯಾಗಿದ್ದ ಅವ್ರಿಗೇ ಗೊತ್ತಿರಲಿಲ್ಲ.

ಹುಡುಗಿ ಬಳಿ ಇಟಗೊಳ್ಳಾಕ ಕುಂತ್ಲು. ಅತ್ತಿ ನನ್ನ ಹಿಂದ ಕುಂತು ಪಿಸಪಿಸ ಕೇಳಾಕ ಹತ್ತಿದ್ಲು. "ಮೂಗು?"

"ಚಲೋ ಐತಿ."

"ಕಣ್ಣು?"

"ಚಲೋ ಅದಾವು."

"ಅಂಗಾಲು?"

"ಕೆಲಸ ಮಾಡಿದ್ದಾವು."

ಅತ್ತಿ ನನ್ನ ಬೆನ್ನಿಗೆ ತಿವಿದ್ಲು. "ಎಲ್ಲಾ ಚಲೋ ಅನ್ನಾಕತ್ತೀದಿ ಅಂದ್ರ ಏನೋ ದೊಡ್ಡ ಐಬು ಐತಿ. ಅದನ್ನ ನನಗ ಕಾಣದಂಗ ಮುಚ್ಚಾಕತ್ತೀದಿ." ಸುಳ್ಳು ಹೇಳಿದ್ರ ಹೊಟ್ಟಿಕಿಚ್ಚು ಅಂತಿದ್ಲು, ಖರೆ ಹೇಳಿದ್ರ ನಂಬಲಿಲ್ಲ.

ಹುಡುಗಿ ಖರೇನ ಚಲೋ ಇದ್ಲು. ಅದ ನನಗ ಸಂಕಟಾಗಿದ್ದು. ಕೆಟ್ಟಾಕಿ ಇದ್ರ ಬೈಕೋತ ಕುಂಡ್ರಬಹುದಿತ್ತು. ಆಕಿ ನನ್ನ ಕಡೆ ಸರದು, ದನಿ ಸಣ್ಣ ಮಾಡಿ, "ಅಕ್ಕಾ, ನೀವು ಅದ ಮನ್ಯಾಗ ಇರ್ತೀರಂತಲ್ಲ. ಹುಡುಗ ಹೆಂಗದಾನ್ರಿ?" ಅಂತ ಕೇಳಿದ್ಲು.

ಪಾಪ, ಆಕಿಗೂ ಹೆದರಿಕಿ ಇತ್ತು. ಸುಳ್ಳು ಹೇಳಬಾರದು ಅನಿಸ್ತು. "ಕೆಟ್ಟವ ಅಲ್ಲ" ಅಂದೆ. "ಕುಡಿಯೂದಿಲ್ಲ, ಬಡಿಯೂದಿಲ್ಲ. ಮಾತು ಕಡಿಮಿ. ರಾತ್ರಿ ಗೊರಕಿ ಹೊಡೀತಾನ, ಎಡಮಗ್ಗಲಕ್ಕ ಹೊಳ್ಳಿಸಿದ್ರ ಸುಮ್ಮನಾಗತಾನ." ಆರು ವರ್ಷದಾಗ ನಮ್ಮವ್ರನ್ನ ಅವ ಇವ ಅಂತ ಅಂದದ್ದು ಅದ ಮೊದಲು. ಬಾಯಿಗೆ ರುಚಿ ಹತ್ತಿತು.

ಹುಡುಗಿ ಕಣ್ಣರಳಿಸಿ ನನ್ನ ನೋಡಿದ್ಲು. "ಎಡಮಗ್ಗಲಾ ಅಂತ ನಿಮಗ ಹೆಂಗ ಗೊತ್ತ್ರಿ?"

"ಗೋಡಿ ತೆಳ್ಳಗದಾವು" ಅಂದೆ.

೫. ಬಾವಿ

ಬೇವಿನ ಗಿಡದ ಬುಡಕ ಬುತ್ತಿ ಬಿಚ್ಚಿದ್ವಿ. ಎಲ್ಲಾರೂ ಹಿಂಡಿ ಬಾಯಾಗ ಇಟಗೊಂಡು ನೀರು ನೀರು ಅಂದ್ರು. ಹೆಣ್ಣಿನಪ್ಪನ ತಮ್ಮ ಮಾತ್ರ ಕಣ್ಣು ಮೂಗು ಸೋರಿಸಿಕೋತ, ತಲಿ ಎತ್ತದ, ಆರು ರೊಟ್ಟಿ ತಿಂದ.

ಹೆಣ್ಣಿನಪ್ಪ ಕೈ ತೊಳಕೊಂಡು ಅತ್ತಿ ಮುಂದ ಸರಿಯಾಗಿ ಕುಂತ. "ಅಕ್ಕಾರ, ನಮ್ಮ ಹುಡುಗಿ ಮಾತು ಆಮ್ಯಾಲ ಆಡೂಣು. ಮೊದಲು ಇನ್ನೊಂದು ಮಾತು. ಇವ ನನ್ನ ತಮ್ಮ. ಹೆಂಡ್ತಿ ತೀರಿಕೊಂಡು ವರ್ಷಾತು. ಎರಡು ಸಣ್ಣ ಕೂಸು ಅದಾವು, ನೋಡಿಕೊಳ್ಳೋರಿಲ್ಲ. ನಿಮ್ಮ ತಮ್ಮನ ಮಗಳು ಗಂಡ ಬಿಟ್ಟಾಕಿ ಅಂದ್ರಿ. ಉಡಿಕಿ ಮಾಡಿ ಕೊಟ್ಟುಬಿಡ್ರಿ."

ಉಡಿಕಿ ಅಂದ್ರ ನಮ್ಮ ಮಂದ್ಯಾಗ ಹೊಸಾದಲ್ಲ. ಗಂಡ ಸತ್ತಾಕಿಗೆ, ಗಂಡ ಬಿಟ್ಟಾಕಿಗೆ, ಹಿರ್ಯಾರು ಕುಂತು ಒಂದು ಸೀರಿ ಉಡಿಸಿ ಇನ್ನೊಂದು ಮನಿಗೆ ಕಳಸತಾರ. ಬಾಜಿಲ್ಲ, ಭಜಂತ್ರಿಯಿಲ್ಲ, ಆದ್ರ ಲಗ್ನ ಲಗ್ನಾನ. ಅತ್ತಿಗೆ ಗೊತ್ತಿದ್ದ ಪದ್ಧತಿ. ಸುಳ್ಳು ಹೇಳೋವಾಗ ಮರತಿದ್ಲು.

"ಅದು... ಆಕಿ ಬರೂದಿಲ್ಲ ಬಿಡ್ರಿ" ಅಂದ್ಲು ಅತ್ತಿ.

"ಯಾಕ? ಗಂಡ ಹೊಳ್ಳಿ ಕರೀತಾನೇನು?"

"ಇಲ್ಲ."

"ಬಿಟ್ಟದ್ದು ಖರೆ ಹೌದಲ್ಲ?"

"ಹೌದ್ರಿ." ಅತ್ತಿ ದನಿ ಸಣ್ಣಾತು.

"ಇಂಥಾ ರೊಟ್ಟಿ ಬಡಿಯೋ ಹೆಣ್ಣಮಗಳನ್ನ ಬಿಟ್ಟಾನಂದ್ರ ಅವ ಎಂಥಾ ಖೋಡಿ ಇರಬೇಕು."

"ಖೋಡಿ ಏನಲ್ಲ ಅವ" ಅಂದ್ಲು ಅತ್ತಿ, ಚಟ್ಟನ.

"ಹಂಗಾರ ಅವನ ಅವ್ವ ಖೋಡಿ. ಮಗನ ಕಿವಿ ತುಂಬಿ ಸೊಸಿನ್ನ ಹೊರಗ ಹಾಕಿಸಿರಬೇಕು. ಹೌದಲ್ರಿ?"

ಅತ್ತಿ ಬಾಯಾಗ ರೊಟ್ಟಿ ತುಣುಕು ಹಂಗ ಉಳೀತು. ಬಳಿಗಾರ್ತಿ ಬಳಿ ಮಲಾರದಾಗ ಮುಖ ಹುದುಗಿಸಿಕೊಂಡು ಇಲ್ಲದ ಬಳಿ ಹುಡುಕಾಕತ್ತಿದ್ಲು.

"ಹೌದ್ರಿ" ಅಂದ್ಲು ಅತ್ತಿ ಕಡೀಕ. "ಆಕಿ... ತುಸು ಕೆಟ್ಟಾಕಿ."

"ತುಸು ಅಂತೀರಲ್ಲ, ನಿಮ್ಮ ಮನಸು ದೊಡ್ಡದು. ನನ್ನ ಕೈಯಾಗ ಸಿಕ್ಕಿದ್ರ ಆಕಿಗೆ ನಾಕು ಮಂದ್ಯಾಗ ಮರ್ಯಾದಿ ತಗೀತಿದ್ದೆ." ಹಂಗಂದು ಹೆಣ್ಣಿನಪ್ಪ ನನ್ನ ಕಡೆ ಹೊಳ್ಳಿದ. "ತಂಗಿ, ನಿನ್ನ ಮನಸಿನ್ಯಾಗ ಏನೈತಿ ಹೇಳವ್ವ. ಜುಲುಮಿಲ್ಲ."

ಆರು ವರ್ಷದಾಗ ನಿನ್ನ ಮನಸಿನ್ಯಾಗ ಏನೈತಿ ಅಂತ ನನ್ನ ಕೇಳಿದ ಮೊದಲನೇ ಮನಷ್ಯಾ ಅವ. ಕಣ್ಣು ತುಂಬಿ ಬಂದ್ವು. ಎರಡು ಕೂಸು ಅಂದದ್ದು ಕಿವ್ಯಾಗ ಕುಂತುಬಿಟ್ಟಿತ್ತು. ನನ್ನ ಮನಸಿನ್ಯಾಗ ಏನಿತ್ತೋ ನನಗ ತಿಳೀಲಿಲ್ಲ, ಬಾಯಿಗೆ ಬಂದದ್ದು ಕೇಳಿದೆ.

"ನಿಮ್ಮಲ್ಲಿ ಬಾವಿ ಎಷ್ಟು ದೂರ ಐತ್ರಿ?"

ಆ ತಮ್ಮ ಮೊದಲನೇ ಸಲ ತಲಿ ಎತ್ತಿದ. "ಹಿತ್ತಲದಾಗ ಐತಿ. ಸಿಹಿ ನೀರು" ಅಂದ. ಅಷ್ಟ ಅಂದು ಮತ್ತ ತಲಿ ತಗ್ಗಿಸಿದ.

ಅತ್ತಿ ಎದ್ದುನಿಂತು ನನ್ನ ಮುಂಗೈ ಹಿಡದ್ಲು. ಕೈಯಾಗಿನ ಬಳಿ ಎರಡು ಚಟಚಟ ಒಡದ್ವು. "ಈಕಿ ಎಲ್ಲೂ ಬರೂದಿಲ್ಲ" ಅಂದ್ಲು. "ಈಕಿ ನನ್ನ ಸೊಸಿ. ಗಂಡ ಬಿಟ್ಟಿಲ್ಲ, ಮನ್ಯಾಗ ಎತ್ತಿನ ಹಂತೇಕ ಕುಂತಾನ. ಆ ಕೆಟ್ಟ ಅವ್ವ ನಾನ."

ಹೆಣ್ಣಿನಪ್ಪ ಪಟಗಾ ಬಿಚ್ಚಿ ಝಾಡಿಸಿ ಮತ್ತ ಸುತ್ತಿಕೊಂಡ. "ಅಕ್ಕಾರ, ನೀವು ಸೊಸಿನ್ನ ತರಾಕ ಬಂದಿದ್ರೋ, ಇದ್ದಾಕಿನ್ನ ಕೊಟ್ಟು ಹೋಗಾಕ ಬಂದಿದ್ರೋ, ಮನಿಗೆ ಹೋಗಿ ಸಾವಕಾಶ ವಿಚಾರ ಮಾಡ್ರಿ" ಅಂದು ಮಗಳನ್ನ ಎಬ್ಬಿಸಿದ. ಮರ್ಯಾದಿ ಏನೂ ತಗೀಲಿಲ್ಲ. ತಗಿಯೂದು ಉಳದಿರಲಿಲ್ಲ.

ಬಸ್ಸಿನ್ಯಾಗ ಅತ್ತಿ ನನ್ನ ಮುಂಗೈ ಬಿಡಲಿಲ್ಲ. ಅರ್ಧ ದಾರ್ಯಾಗ "ಖರೇನ ಹೋಗ್ತಿದ್ದ್ಯಾ?" ಅಂತ ಕೇಳಿದ್ಲು.

"ಗೊತ್ತಿಲ್ಲತ್ತಿ."

"ಮತ್ತ ಬಾವಿ ಯಾಕ ಕೇಳಿದಿ?"

"ನಮ್ಮದು ಮುಕ್ಕಾಲು ಮೈಲಿ ಐತಲ್ಲ. ದಿನಾ ಎಂಟು ಕೊಡ. ಸುಮ್ಮ ಕೇಳಬೇಕನಿಸ್ತು."

ದೀಪ ಹಚ್ಚೋ ಹೊತ್ತಿಗೆ ಮನಿ ಮುಟ್ಟಿದ್ವಿ. ನಮ್ಮವ್ರು ಅಂಗಳದಾಗ ಕುಂತಿದ್ರು. "ಹೆಣ್ಣು ಹೆಂಗೈತವ್ವ?" ಅಂತ ಕೇಳಿದ್ರು.

"ಬಾಳ ಚಲೋ ಐತಿ" ಅಂದ್ಲು ಅತ್ತಿ. "ಆದ್ರ ನೀರಿನ ಕೆಲಸ ಮಾಡೂದಿಲ್ಲ. ನಾಳಿಂದ ನೀರು ನೀ ತಂದ್ರ ಈ ಮನ್ಯಾಗ ಇರ್ತಾಳ, ಇಲ್ಲಂದ್ರ ಇಲ್ಲ."

ನಮ್ಮವ್ರು ಮರುದಿನ ಮುಂಜಾನೆ ಎದ್ದು, ಹೆಗಲಿಗೆ ಕೊಡ ಇಟಗೊಂಡು ಹೆಣ್ಣಮಕ್ಕಳ ಸಾಲಿನ್ಯಾಗ ಹೋಗಿ ನಿಂತ್ರು. ಊರು ಬಿದ್ದು ಬಿದ್ದು ನಕ್ತು. ಬರೋ ಹೆಣ್ಣಿನ ಕರಾರು, ಈಗಿಂದ ರೂಢಿ ಮಾಡಿಕೋತೇನಿ ಅಂತ ಮಂದಿಗೆ ಹೇಳ್ತಿದ್ರಂತ. ನನಗ ಅದು ಕೇಳಿ ಹೊಟ್ಟಿ ಉರೀತು. ಆದ್ರೂ ಬಾಯಿ ಬಿಡಲಿಲ್ಲ, ಅತ್ತೀನೂ ಬಿಡಲಿಲ್ಲ. ಬ್ಯಾಸಗಿ ಹೋತು, ಮಳಿಗಾಲ ಹೋತು, ಜ್ವಾಳದ ಸುಗ್ಗಿ ಬಂತು. ದಿನಾ ಎಂಟು ಕೊಡ.

ಒಂದಿನ ಮುಂಜಾನೆ ಐದನೇ ಕೊಡ ಇಳಿಸಿ, ಬೆವರು ಒರಸಿಕೋತ, ನಮ್ಮವ್ರು ಕಡೀಕೂ ಬಾಯಿ ತಗದ್ರು. "ಅವ್ವಾ, ಆ ಹೆಣ್ಣು ಬರೋದು ಯಾವಾಗ?"

ಅತ್ತಿ ಜ್ವಾಳ ಹಸನ ಮಾಡಿಕೋತ ಕುಂತಿದ್ಲು. ಮೊರದಿಂದ ಮುಖ ಎತ್ತಲಿಲ್ಲ.

"ಬಂದು ಏಳು ವರ್ಷಾತಲ್ಲೋ" ಅಂದ್ಲು. "ಹೋಗು, ಇನ್ನಾ ಮೂರು ಕೊಡ ಬೇಕು."